ಚುರುಮುರಿ ಮಾವಶಿಯ ಫೋಟೋ

"ಕ್ಯಾಮೆರಾ ತಗೊಂಡು ಕೆರಿಗೆ ಬಂದವರಿಗೆ ಹಕ್ಕಿ ಸಿಗೂದು ಕಡಿಮಿರಿ ಅಕ್ಕಾರ, ಮಂದಿ ಸಿಗೂದ ಹೆಚ್ಚು" ಅಂತ ನನಗೆ ಮೊದಲು ಹೇಳಿದವಳು ಚುರುಮುರಿ ಮಾವಶಿ. ಮುದ್ದೇಬಿಹಾಳದಿಂದ ತಾಳಿಕೋಟೆ ಬಸ್ಸು ಹಿಡಿದರೆ ಸ್ವಲ್ಪ ದೂರದಲ್ಲೇ ಒಂದು ಕೆರೆ, ಕೆರೆಯ ದಂಡೆಗೆ ಒಂದು ಪಾರ್ಕು, ಆ ಪಾರ್ಕಿನ ಗೇಟಿನಲ್ಲಿ ಚುರುಮುರಿ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದವಳು ಆಕೆ. ಆಕೆಯ ಗಂಡ ಅದೇ ಪಾರ್ಕಿನ ವಾಚಮನ್. ಆತನನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಹೆಂಡತಿ ಮಾವಶಿ, ಅಂದರೆ ತಾಯಿಯ ತಂಗಿ; ಗಂಡ ಕಾಕಾ, ಅಂದರೆ ತಂದೆಯ ತಮ್ಮ. ಈ ನೆಂಟಸ್ತನ ಹೇಗೆ ಕೂಡುತ್ತದೆ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ.

ಮಾವಶಿ ಹೇಳಿದ್ದು ನಿಜ. ನಾನು ಹಕ್ಕಿಗೆಂದು ಹೋದಾಗಲೆಲ್ಲ ಮತ್ತೇನೋ ಆಗುತ್ತದೆ. ಆದದ್ದರಲ್ಲಿ ಅರ್ಧ ನಗುವಂಥದ್ದು, ಅರ್ಧ ನಗಬಾರದ್ದು. ಯಾವುದು ಯಾವ ಅರ್ಧ ಅಂತ ನನಗೇ ಗೊತ್ತಾಗಿಲ್ಲ.

ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ಮಾವಶಿ ತೀರಿಕೊಂಡಳು. ಹನ್ನೊಂದನೇ ದಿನದ ಕಾರ್ಯಕ್ಕೆ ಆಕೆಯ ಒಂದು ಫೋಟೋ ಬೇಕಾಗಿತ್ತು. ಇರಲಿಲ್ಲ. ಇಷ್ಟೇ ವಿಷಯ. ಆದರೆ ಇದನ್ನು ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ಕೊನೆಯಲ್ಲಿ ನಗು ಬರುವುದಿಲ್ಲ.

೧. ನನ್ನದೇ ಹೆಣ

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಅಕ್ಕಾರು, ಅಂದರೆ ಟೀಚರು. ನಲವತ್ತು ದಾಟಿದ ವರ್ಷವೇ ಶುಗರ್ ಬಂತು. ಡಾಕ್ಟರು ದಿನಾ ಒಂದು ತಾಸು ನಡೆಯಲು ಹೇಳಿದರು. ನಡೆಯುವುದು ನನ್ನ ಜಾಯಮಾನವಲ್ಲ. ಹಾಗಾಗಿ ಒಂದು ಕ್ಯಾಮೆರಾ ಕೊಂಡೆ. ಕ್ಯಾಮೆರಾ ಕೊರಳಲ್ಲಿದ್ದರೆ ಎಲ್ಲಿ ಬೇಕಾದಲ್ಲಿ ನಿಲ್ಲಬಹುದು, ಯಾರೂ ಯಾಕೆ ನಿಂತಿರಿ ಅನ್ನುವುದಿಲ್ಲ.

ನಮ್ಮ ಪಾರ್ಕು ಅಂದರೆ ದೊಡ್ಡದೇನಲ್ಲ. ನಡೆಯಲು ಫರಸಿ ಕಲ್ಲು ಹಾಕಿದ ದಾರಿ, ಒಂದು ಕಿವಿ ಮುರಿದ ಸಿಮೆಂಟಿನ ಜಿಂಕೆ, ನಾಲ್ಕು ಕಲ್ಲಿನ ಬೆಂಚು, ‘ನೀರಿಗೆ ಇಳಿಯಬಾರದು’ ಅನ್ನುವ ಬೋರ್ಡು. ಆ ಬೋರ್ಡು ಅರ್ಧ ನೀರಿನಲ್ಲೇ ಇದೆ. ಆದರೆ ಚಳಿ ಶುರುವಾಯಿತೆಂದರೆ ಹೆಬ್ಬಾತುಗಳು ಬರುತ್ತವೆ. ಬೆಳ್ಳಗಿನ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಬೆಳಿಗ್ಗೆ ಬಿಸಿಲು ನೀರಿಗೆ ತಾಗುವ ಹೊತ್ತಿಗೆ ಅವು ದಂಡೆಗೆ ನಡೆದು ಬರುವುದನ್ನು ನೋಡಿದರೆ ಶುಗರ್ ಎಷ್ಟಿದೆ ಅನ್ನುವುದು ಮರೆತುಹೋಗುತ್ತದೆ.

ಹೆಬ್ಬಾತಿನ ಫೋಟೋ ಚೆನ್ನಾಗಿ ಬರಬೇಕೆಂದರೆ ನೆಲಕ್ಕೆ ಮಲಗಿ ತೆಗೆಯಬೇಕು ಅಂತ ಎಲ್ಲೋ ನೋಡಿದ್ದೆ. ಒಂದು ಶನಿವಾರ ನಸುಕಿನಲ್ಲಿ ಹೋಗಿ, ಜೊಂಡಿನ ನಡುವೆ, ಕೆಸರಿನಲ್ಲಿ, ಹೊಟ್ಟೆ ಕೆಳಗಾಗಿ ಮಲಗಿದೆ. ಮುಖ ಕೆಳಗೆ, ಕ್ಯಾಮೆರಾ ಮುಖದ ಅಡಿಗೆ. ಹೊರಗೆ ಕಾಣುತ್ತಿದ್ದದ್ದು ಸೀರೆ ಮತ್ತು ಎರಡು ಕಾಲು. ಅಲುಗಾಡಿದರೆ ಹಕ್ಕಿ ಹಾರುತ್ತವೆಂದು ಅಲುಗಾಡಲಿಲ್ಲ.

ಅರ್ಧ ತಾಸಿನ ಮೇಲೆ ಹಿಂದೆ ಪಿಸುಮಾತು ಕೇಳಿಸಿತು.

"ಹೈಸ್ಕೂಲ್ ಅಕ್ಕಾರ ಇದ್ದಂಗ ಅದಾರ."

"ಇದ್ದಂಗ ಅಲ್ಲ, ಇದ್ದರು."

"ಮನ್ಯಾಗ ಏನರ ಕಿರಿಕಿರಿ ಇತ್ತೇನು?"

"ಏನಿಲ್ಲಪಾ, ಭಾಳ ಛಲೋ ಇದ್ರು. ಗಣಿತಾ ಅಷ್ಟು ಬರ್ತಿದ್ದಿಲ್ಲ."

ಹೆಬ್ಬಾತು ಸರಿಯಾಗಿ ನನ್ನ ಕಡೆಗೇ ಬರುತ್ತಿತ್ತು. ನಾನು ಉಸಿರು ಹಿಡಿದೆ. ಅದೇ ಹೊತ್ತಿಗೆ ಪಕ್ಕೆಗೆ ಒಂದು ಕಟ್ಟಿಗೆ ಚುಚ್ಚಿತು. ನಾನು "ಅಯ್ಯಯ್ಯ" ಅಂದೆ. ಹೆಬ್ಬಾತು ಹಾರಿತು.

"ಜೀವಂತ ಅದಾರ. ಹೋಗ್ರಿ ಹೋಗ್ರಿ" ಅಂತ ಮಂದಿಗೆ ಹೇಳುತ್ತ ನಿಂತಿದ್ದವಳು ಮಾವಶಿ. ನಮ್ಮ ಪರಿಚಯವಾದದ್ದು ಹೀಗೆ.

ಶನಿವಾರ ಮುಂಜಾನೆ ಶಾಲೆ. ಮನೆಗೆ ಹೋಗಿ ಬರಲು ಹೊತ್ತಿರಲಿಲ್ಲ. ಕೆಸರಿನ ಸೀರೆಯಲ್ಲೇ ನೇರ ಹೋದೆ. ಮಕ್ಕಳು, ಮಾಸ್ತರರು ಎಲ್ಲ ಮೈದಾನದಲ್ಲಿ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದರು. ಯಾರೋ ದೊಡ್ಡವರು ಹೋಗಿರಬೇಕು ಅಂತ ನಾನೂ ಹಿಂದಿನ ಸಾಲಿಗೆ ಹೋಗಿ ತಲೆ ತಗ್ಗಿಸಿ ನಿಂತೆ. ಎರಡು ನಿಮಿಷ ಮೌನ ಮುಗಿದ ಮೇಲೆ ಪಕ್ಕದ ಹಿಂದಿ ಮಾಸ್ತರರನ್ನು ಮೆಲ್ಲಗೆ ಕೇಳಿದೆ, "ಯಾರ್ರೀ ಸರ?"

ಅವರು ನನ್ನ ಮುಖ ನೋಡಿ ಅಲ್ಲೇ ಕುಂತುಬಿಟ್ಟರು.

ನಾನು ಸತ್ತೆ ಅಂತ ಫೋನು ಮಾಡಿದವರು ಮೂರು ಮಂದಿ. ಬದುಕಿದ್ದೇನೆ ಅಂತ ಒಬ್ಬರೂ ಮಾಡಿರಲಿಲ್ಲ. ಹೆಡ್‌ಮಾಸ್ತರು ಘೋಷಿಸಿದ್ದ ರಜೆಯನ್ನು ವಾಪಸು ತೆಗೆದುಕೊಂಡರು. ಆ ವರ್ಷದ ಹತ್ತನೇ ಇಯತ್ತೆಯವರು ಈಗಲೂ ಅದೊಂದಕ್ಕೆ ನನ್ನನ್ನು ಕ್ಷಮಿಸಿಲ್ಲ.

೨. ಗೋಡೆಗೆ ಬೇಕಾದ ಮುಖ

ಕೆರೆಯ ಸುತ್ತ ದಿನಾ ನಡೆಯುವವರಲ್ಲಿ ಒಬ್ಬರು ರಿಟೈರಾದ ಹೆಡ್‌ಕ್ಲಾರ್ಕ್. ಅವರು ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಬಂದು ನನ್ನ ಮುಂದೆ ನಿಂತರು.

"ಅಕ್ಕಾರ, ನಂದೊಂದು ಫೋಟೋ ತಗೀರಿ."

"ತಗೀತೇನಿ. ಸ್ವಲ್ಪ ನಗ್ರಿ."

"ನಗೂದು ಬ್ಯಾಡ್ರಿ. ಇದು ಆಮ್ಯಾಲಿಂದು."

"ಯಾವಾಗಿಂದು?"

"ಆಮ್ಯಾಲಿಂದ್ರಿ. ಗ್ವಾಡಿಗೆ ಹಾಕೂದು. ಮಾಲಿ ಹಾಕಿದ್ರ ಕುತಿಗಿ ಮುಚ್ಚತೈತಿ, ಸ್ವಲ್ಪ ಮ್ಯಾಲಿಂದ ತಗೀರಿ. ಹಿಂದ ಕೆರಿ ಬರ್ಲಿ. ಒಂದೆರಡು ಬಾತು ಬಂದ್ರೂ ನಡೀತೈತಿ."

ಮಕ್ಕಳ ಮೇಲೆ ಅವರಿಗೆ ಭರವಸೆ ಇರಲಿಲ್ಲ. ತಮ್ಮ ಗೆಳೆಯರೊಬ್ಬರು ತೀರಿಕೊಂಡಾಗ ಮನೆಯವರು ಗಡಿಬಿಡಿಯಲ್ಲಿ ಮದುವೆ ಊಟದ ಫೋಟೋದಿಂದ ಮುಖ ಕತ್ತರಿಸಿ ಹಾಕಿದ್ದರಂತೆ. ಬಾಯಲ್ಲಿ ಜಿಲೇಬಿ ಇತ್ತಂತೆ. "ಈಗ ಹತ್ತು ವರ್ಷ ಆತು, ಅಂವಾ ಅದನ್ನ ನುಂಗೇ ಇಲ್ಲ" ಅಂದರು.

ಫೋಟೋ ತೆಗೆದೆ. ಅವರು ಕ್ಯಾಮೆರಾದ ಹಿಂದೆ ಬಗ್ಗಿ ಬಹಳ ಹೊತ್ತು ನೋಡಿದರು. "ಸತ್ತಾವನಂಗ ಕಾಣತೇನ್ರಿ?"

"ಇಲ್ರಿ, ಆರಾಮ ಕಾಣತೀರಿ."

"ಹಂಗಾದ್ರ ಮತ್ತೊಂದು ತಗೀರಿ."

ಈ ಸುದ್ದಿ ಹಬ್ಬಿತು. ಬೆಳಿಗ್ಗೆ ಹೆಬ್ಬಾತುಗಳು ನೀರಿನ ದಂಡೆಗೆ ಸಾಲಾಗಿ ಬಂದರೆ, ಗೇಟಿನ ಕಡೆಯಿಂದ ಮುದುಕರು ಸಾಲಾಗಿ ಬರತೊಡಗಿದರು. ಬಸವನ ಬಾಗೇವಾಡಿಯಿಂದ ಒಬ್ಬರು ಬಸ್ಸಿಗೇ ಬಂದಿದ್ದರು. ಹೆಡ್‌ಕ್ಲಾರ್ಕರು ಮಾತ್ರ ಪ್ರತಿ ಚಳಿಗಾಲಕ್ಕೂ ಹೊಸದೊಂದು ತೆಗೆಸುತ್ತಾರೆ. ಹಳೆಯದರಲ್ಲಿ ವಯಸ್ಸು ಕಡಿಮೆ ಕಾಣುತ್ತದೆ, ಮಂದಿ ಅಯ್ಯೋ ಪಾಪ ಅಂತ ಹೆಚ್ಚು ಅಳುತ್ತಾರೆ, ಅದು ಸರಿಯಲ್ಲ ಅನ್ನುವುದು ಅವರ ವಾದ. ಈಗ ನಾಲ್ಕನೆಯದು ನಡೆದಿದೆ.

ಇಷ್ಟು ಮಂದಿಯಲ್ಲಿ ಫೋಟೋ ಬೇಡ ಅಂದವಳು ಮಾವಶಿ ಒಬ್ಬಳೇ. ಕ್ಯಾಮೆರಾ ಆಕೆಯ ಕಡೆ ತಿರುಗಿತೆಂದರೆ ಸೆರಗು ಮುಖಕ್ಕೆ ಬರುತ್ತಿತ್ತು, ಇಲ್ಲವೇ ಬುಟ್ಟಿ, ಇಲ್ಲವೇ ಅಂಗೈ.

"ಯಾಕ ಮಾವಶಿ, ಎಲ್ಲಾರೂ ತಗಸಾಕತ್ತಾರ."

"ಎಲ್ಲಾರೂ ಸಾಯಾಕ ತಯಾರಾಗ್ಯಾರ, ತಗಸ್ತಾರ. ನನಗ ಕೆಲಸ ಐತಿ. ನನ್ನ ಫೋಟೋ ತಗದ್ರ ಆ ಡಬ್ಬಿ ಕೆರ್ಯಾಗ ಒಗೀತೇನಿ ನೋಡ್ರಿ."

ಅದೇ ವಾರ ಹೆಡ್‌ಕ್ಲಾರ್ಕರು ತಮ್ಮ ಹೊಸ ಫೋಟೋ ನೋಡಿ ತಲೆದೂಗಿದರು. "ಈ ವರ್ಷದ್ದು ಭಾಳ ಛಲೋ ಬಂದೈತ್ರಿ ಅಕ್ಕಾರ. ಇನ್ನ ಸುಮ್ನ ತಡಾ ಮಾಡಬಾರದು ಅನಸತೈತಿ."

೩. ಹಿಮಾಲಯದಿಂದ ಬಂದ ಅತಿಥಿಗಳು

ಜಿಲ್ಲೆಯಲ್ಲಿ ಒಂದು ಹಕ್ಕಿ ಫೋಟೋ ಸ್ಪರ್ಧೆ ಇತ್ತು. ಮೂರು ದಿನ ನಸುಕಿನಲ್ಲಿ ಹೋಗಿ ಜೊಂಡಿನಲ್ಲಿ ಕುಳಿತೆ. ಈ ಸಲ ಮಲಗಲಿಲ್ಲ. ಮೂರನೇ ದಿನ ಇಡೀ ಹಿಂಡು ದಂಡೆಯ ಆಚೆಗಿನ ಕಡಲೆ ಹೊಲದ ಅಂಚಿಗೆ ಇಳಿಯಿತು. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಇನ್ನೊಂದು ನಿಮಿಷ ಸಿಕ್ಕಿದ್ದರೆ ಸಾಕಿತ್ತು.

ಆ ಹೊಲ ಮಾವಶಿಯ ತಮ್ಮನದು. ಗೇಟಿನಲ್ಲಿ ಚುರುಮುರಿಯ ಪಕ್ಕಕ್ಕೆ ಆಕೆ ಮಾರುತ್ತಿದ್ದ ಹಸಿ ಕಡಲೆ ಗಿಡ ಅಲ್ಲಿಂದಲೇ ಬರುತ್ತಿತ್ತು. ಹಿಂಡಿನ ಹಿಂದಿನಿಂದ ಹೊಲದೊಳಗಿಂದ ಆಕೆ ಓಡಿಬಂದಳು. ಎರಡೂ ಕೈ ಮೇಲೆ, ಬಾಯಿ ಪೂರ್ತಿ ತೆರೆದು, ಕಾಲಲ್ಲಿದ್ದ ಒಂದು ಚಪ್ಪಲಿ ಕೈಗೆ ಬಂದಿತ್ತು. ಆ ಕೂಗಿಗೆ ಹೆಬ್ಬಾತೇ ಏನು, ನಾನೂ ಎದ್ದು ನಿಂತೆ. ಗಾಬರಿಯಲ್ಲಿ ಒಂದೇ ಒಂದು ಸಲ ಗುಂಡಿ ಒತ್ತಿದೆ. ಅಷ್ಟರಲ್ಲಿ ಆಕಾಶ ಖಾಲಿ.

ನನಗೆ ಅಳುವೇ ಬಂತು. "ಮಾವಶಿ, ಅವು ಹಿಮಾಲಯ ದಾಟಿ ಬಂದಾವ. ಅಷ್ಟು ದೂರದಿಂದ."

ಆಕೆ ಚಪ್ಪಲಿ ಕಾಲಿಗೆ ಹಾಕಿಕೊಳ್ಳುತ್ತ ಕೇಳಿದಳು, "ಯಾಕ, ಹಿಮಾಲಯದಾಗ ಕಡ್ಲಿ ಬೆಳ್ಯಂಗಿಲ್ಲೇನು?"

ಮನೆಗೆ ಬಂದು ನೋಡಿದರೆ ಆ ಒಂದು ಫೋಟೋದಲ್ಲಿ ಹೆಬ್ಬಾತುಗಳು ಬೀಸಿದ ರೆಕ್ಕೆಯಲ್ಲಿ ಅದ್ಭುತವಾಗಿ ಬಂದಿದ್ದವು. ಬಲಗಡೆ ಅಂಚಿನಲ್ಲಿ ಮಾವಶಿಯೂ ಬಂದಿದ್ದಳು. ಆಕೆಯನ್ನು ಕತ್ತರಿಸಿ ತೆಗೆದೆ. ಮೂಲೆಯಲ್ಲಿ ಕಪ್ಪಗೆ ಏನೋ ಚೂರು ಉಳಿಯಿತು, ಇರಲಿ ಅಂತ ಕಳಿಸಿದೆ. ಸಮಾಧಾನಕರ ಬಹುಮಾನ ಬಂತು. ಪ್ರಮಾಣಪತ್ರ ಕೊಡುವಾಗ ತೀರ್ಪುಗಾರರು ವೇದಿಕೆಯ ಮೇಲೆ ಅಂದರು, "ಹಕ್ಕಿಗಳಿಗಿಂತಲೂ ನನಗೆ ಹಿಡಿಸಿದ್ದು ಆ ಮೂಲೆಯ ಒಣ ರೆಂಬೆ. ಅದರಲ್ಲಿ ಒಂದು ಮೌನ ಇದೆ."

ಮಾವಶಿಯಲ್ಲಿ ಮೌನ ಕಂಡ ಮನುಷ್ಯ ಈ ಲೋಕದಲ್ಲಿ ಆತನೊಬ್ಬನೇ.

೪. ಒಂದೇ ಕೋಟು

ಆಕೆ ಹೋದದ್ದು ಒಂದು ರವಿವಾರ, ಸಂಜೆ, ಪಾರ್ಕು ತುಂಬಿದ್ದಾಗ. ಬುಟ್ಟಿಯ ಮುಂದೆ ಕುಳಿತಲ್ಲೇ ಗೋಡೆಗೆ ಒರಗಿದ್ದಾಳೆ. ಮಂದಿ ನಿದ್ದೆ ಬಂದಿದೆ ಅಂದುಕೊಂಡಿದ್ದಾರೆ. ಒಬ್ಬ ಹೆಂಗಸು "ಖಾರ ಜಾಸ್ತಿ ಹಾಕವಾ" ಅಂತ ಮೂರು ಸಲ ಹೇಳಿ, ಬಹಳ ಸೊಕ್ಕು ಬಂದಿದೆ ಈಕೆಗೆ ಅಂತ ಬೈದು ಹೋಗಿದ್ದಾಳೆ. ಕಾಕಾ ಆಗ ಕೆರೆಯ ಆ ಕಡೆ ದಂಡೆಯಲ್ಲಿದ್ದ.

"ಹೆಂಗ ಗೊತ್ತಾತು ಕಾಕಾ?" ಅಂತ ಕೇಳಿದ್ದಕ್ಕೆ ಆತ ಅಂದ, "ಗೇಟಿನ ಕಡಿಂದ ಸಪ್ಪಳ ಬರಲಿಲ್ರಿ."

ಮಣ್ಣಾದ ಮೂರನೇ ದಿನ ಕಾಕಾ ನಮ್ಮ ಮನೆಗೆ ಬಂದ. ಕೈಯಲ್ಲಿ ಆಕೆಯ ಆಧಾರ್ ಕಾರ್ಡು. ಪ್ಲಾಸ್ಟಿಕ್ ಒಳಗೆ ನೀರು ಹೋಗಿ ಮುಖದ ಜಾಗದಲ್ಲಿ ಒಂದು ಬೂದು ಮೋಡ ಇತ್ತು. ಅವರಿಗೆ ಮಕ್ಕಳಿಲ್ಲ. ಆತನ ಫೋನು ಗುಂಡಿಯದು. ಮದುವೆಯಲ್ಲಿ ಒಂದು ಫೋಟೋ ತೆಗೆದಿದ್ದರಂತೆ, ಅದನ್ನು ಇಲಿ ತಿಂದು ವರ್ಷಗಳಾಗಿದ್ದವು.

"ಹನ್ನೊಂದನೇ ದಿನ ಮಂದಿ ಬರ್ತಾರ್ರಿ. ಕೈ ಮುಗಿಯಾಕ ಒಂದು ಮುಖ ಬೇಕಲ್ರಿ" ಅಂದ. ಆಮೇಲೆ ಕಾರ್ಡನ್ನು ಅಂಗಿಗೆ ಒರೆಸುತ್ತ, "ಮಂದಿದೇನಿಲ್ಲ. ನನಗ ಈಗ ಆಕಿ ಮುಖ ನೆನಪ ಮಾಡ್ಕೊಂಡ್ರ ಬರೇ ಬಾಯಿ ಕೇಳಸ್ತೈತ್ರಿ. ಮುಖ ಬರವಲ್ದು."

ಇಬ್ಬರೂ ಬಜಾರಿನ ಫ್ಲೆಕ್ಸ್ ಅಂಗಡಿಗೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸುಗಳೆಲ್ಲ ಅಲ್ಲೇ ಆಗುವುದು. ಅಂಗಡಿಯವ ಕಲಾವಿದ. ಯಾರ ತಲೆ ತಂದುಕೊಟ್ಟರೂ ಮೈ ಆತನ ಹತ್ತಿರ ತಯಾರಿರುತ್ತದೆ. ಗಂಡಸರಿಗೆ ಒಂದು ನೀಲಿ ಕೋಟು, ಹೆಂಗಸರಿಗೆ ಒಂದು ಹಸಿರು ರೇಷ್ಮೆ ಸೀರೆ. ಆ ವಾರ ಅಂಗಡಿಯ ಮುಂದೆ ಒಣಗಲು ಹಾಕಿದ್ದ ಮೂರು ಫ್ಲೆಕ್ಸಿನಲ್ಲಿ ಮೂವರು ಗಂಡಸರು ಅದೇ ಕೋಟು ಹಾಕಿಕೊಂಡಿದ್ದರು. ಅದರಲ್ಲಿ ಇಬ್ಬರು ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈಗ ಒಂದೇ ಕೋಟಿನಲ್ಲಿದ್ದರು.

ಅಂಗಡಿಯವ ಆ ಬೂದು ಮೋಡವನ್ನು ಹಿಗ್ಗಿಸಿ, ಕಣ್ಣು ಮೂಗು ಕೂಡಿಸಿ, ಹಸಿರು ಸೀರೆಯ ಮೇಲೆ ಇಟ್ಟ. ಕೊರಳಿಗೆ ಬಂಗಾರದ ಸರ ಹಾಕಿದ. ಕಾಕಾ ಕೈ ಹಿಂದೆ ಕಟ್ಟಿಕೊಂಡು ನೋಡಿದ.

"ಇವರು ಯಾರ್ರಿ?"

"ನಿನ್ನ ಹೇಣತಿ."

"ಇವರಿಗೆ ನಾ ಬರ್ರಿ ಹೋಗ್ರಿ ಅನಬೇಕಾಗತೈತಿ. ಬ್ಯಾಡ."

ಅಂಗಡಿಯವನಿಗೆ ಅವಮಾನವಾಯಿತು. ಮೊಬೈಲ್ ತೆಗೆದು, ಈಗ ಹೊಸ ಎಐ ಬಂದಿದೆ, ಇದರಲ್ಲಿ ಹಾಕಿದರೆ ಬೆಳ್ಳಗೆ ಮಾಡಿ, ವಯಸ್ಸು ಇಳಿಸಿ, ನಗಿಸಿಯೂ ಕೊಡುತ್ತದೆ ಅಂತ ಮಾಡಿ ತೋರಿಸಿದ. ಪರದೆಯ ಮೇಲೆ ಯಾವಳೋ ಹೆಂಗಸು ಹಲ್ಲು ಕಾಣುವಂತೆ ನಗುತ್ತಿದ್ದಳು.

ಕಾಕಾ ಆಧಾರ್ ಕಾರ್ಡು ವಾಪಸು ಕಿಸೆಗೆ ಹಾಕಿಕೊಂಡ. "ಮೂವತ್ತೆಂಟು ವರ್ಷ ಸಂಸಾರ ಮಾಡಿ ನಾ ನಗಸಾಕ ಆಗಲಿಲ್ಲ. ನಿನ್ನ ಮಿಷನ್ ಒಂದ ನಿಮಿಷದಾಗ ನಗಸ್ತೇನು?"

೫. ಕೈಗೆ ಮಾಲೆ

ಉಳಿದದ್ದು ನನ್ನ ಕಂಪ್ಯೂಟರು. ಐದು ಚಳಿಗಾಲ ಆ ಗೇಟು ದಾಟಿ ಹೋಗಿದ್ದೇನೆ, ಎಲ್ಲಾದರೂ ಒಂದರಲ್ಲಿ ಆಕೆ ಸಿಕ್ಕಿರಲೇಬೇಕು. ದಿನಾ ಮಧ್ಯಾಹ್ನ ಕಾಕಾ ಬಂದು ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಒಂದೊಂದೇ ಫೋಟೋ ಸರಿಸಿದೆವು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಹೆಬ್ಬಾತು, ಹೆಬ್ಬಾತು, ಹೆಬ್ಬಾತು. ಆತ ಹಕ್ಕಿಯನ್ನು ನೋಡುತ್ತಲೇ ಇರಲಿಲ್ಲ. ನಾನು ಯಾವತ್ತೂ ನೋಡದಿದ್ದ ಮೂಲೆಗಳನ್ನು ನೋಡುತ್ತಿದ್ದ.

"ನಿಂದರ್ರಿ. ಆ ಸೆರಗು ಆಕೀದು."

ಮಿಂಚುಳ್ಳಿಯ ಹಿಂದೆ ಮಸುಕಾಗಿ ಒಂದು ಚೂರು ಕೆಂಪು. ನಾನು ಅದನ್ನು ಇಷ್ಟು ದಿನ ಹೂವು ಅಂದುಕೊಂಡಿದ್ದೆ.

"ಆ ಬುಟ್ಟಿ ಆಕೀದು. ಇದು ಮೊಣಕೈ. ಇದು ಬೆನ್ನು, ಸಿಟ್ಟಿಗೆದ್ದಾಗಿಂದು."

"ಬೆನ್ನು ನೋಡಿ ಸಿಟ್ಟು ಹೆಂಗ ಗೊತ್ತಾಗತೈತಿ ಕಾಕಾ?"

"ನಾ ನೋಡಿದ್ದು ಹೆಚ್ಚು ಅದನ್ನರಿ."

ಒಂಬತ್ತನೇ ದಿನದ ಹೊತ್ತಿಗೆ ನಮಗೆ ಸಿಕ್ಕಿದ್ದು ಇಷ್ಟು: ಸೆರಗು ಎಂಟು, ಬೆನ್ನು ಐದು, ಬುಟ್ಟಿ ಹಲವಾರು, ಲೆನ್ಸಿಗೆ ಅಡ್ಡ ಹಿಡಿದ ಅಂಗೈ ಒಂದು. ಅಂಗೈ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು. ರೇಖೆ ಎಲ್ಲ ಕಾಣುತ್ತಿದ್ದವು. ಆಯುಷ್ಯರೇಖೆ ಮಣಿಕಟ್ಟಿನ ತನಕ ಇತ್ತು.

ಕಾಕಾ ಅದನ್ನು ಬಹಳ ಹೊತ್ತು ನೋಡಿ ಕೇಳಿದ, "ಕೈಗೆ ಮಾಲಿ ಹಾಕಾಕ ಬರತೈತೇನ್ರಿ?"

ಆತ ಚೇಷ್ಟೆಗೆ ಕೇಳಿದ್ದಲ್ಲ. ನೀರು ತರುತ್ತೇನೆ ಅಂತ ಎದ್ದೆ. ವಾಪಸು ಬರುವಷ್ಟರಲ್ಲಿ ಆತ ಗೋಡೆಯ ಮೇಲೆ ನಾನು ಕಟ್ಟು ಹಾಕಿಸಿದ್ದ ಬಹುಮಾನದ ಫೋಟೋ ಮುಂದೆ ನಿಂತಿದ್ದ.

"ಅಕ್ಕಾರ, ಈ ಕೈಯಿನ ಮುಂದಿಂದು ಎಲ್ಲೈತಿ?"

ಒಣ ರೆಂಬೆಯ ಮೇಲೆ ಆತನ ಬೆರಳಿತ್ತು.

ಎಲ್ಲಿ ಅಂತ ಹೇಳಲಿ. ಕತ್ತರಿಸಿದ ಮೇಲೆ ಮೂಲ ಫೋಟೋ ಅಳಿಸಿಹಾಕಿದ್ದೆ. ಹಕ್ಕಿಗಳಿಗೆ ಜಾಗ ಬೇಕಲ್ಲ. ಇದನ್ನು ಕಾಕಾನ ಮುಖ ನೋಡಿ ಹೇಳಲಾಗಲಿಲ್ಲ, ಕೈಯಲ್ಲಿದ್ದ ನೀರಿನ ಲೋಟ ನೋಡಿ ಹೇಳಿದೆ. ಆತ "ಇರ್ಲಿ ಬಿಡ್ರಿ" ಅಂದು ನೀರು ಕುಡಿದು ಹೋದ.

ಆತ ಹೋದ ಮೇಲೆ ನೆನಪಾಯಿತು. ಆ ದಿನ ಸಿಟ್ಟಿನಲ್ಲಿ, ಕತ್ತರಿಸುವ ಮೊದಲೇ, ಆ ಫೋಟೋವನ್ನು ಇಂಡಿ ಊರಿನಲ್ಲಿರುವ ನನ್ನ ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಚಾಡಿ ಹೇಳಲು. ನನ್ನ ತಂಗಿ ಏನನ್ನೂ ಅಳಿಸುವವಳಲ್ಲ. ಆಕೆಯ ಫೋನಿನಲ್ಲಿ ಹಳೆಯ ಗುಡ್ ಮಾರ್ನಿಂಗ್ ಹೂವುಗಳೆಲ್ಲ ಇನ್ನೂ ಬಾಡದೆ ಇವೆ. ಫೋನು ಮಾಡಿದೆ. ಆಕೆ ಹುಡುಕಿದಳು. ನಾನು ಅಷ್ಟು ಹೊತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ.

"ಐತಿ" ಅಂದಳು. "ಬಾಯಿ ತಕ್ಕೊಂಡು ನಿಂತಾಳಲ್ಲ, ಈಕೀನ ಹೌದಲ್ಲ?"

"ಹೌದು. ಕಳಸು."

"ಕೆಳಗ ನೀ ಏನೋ ಬರದೀದಿ. ಅದನ್ನೂ ಕಳಸಲೇನು?"

"ಏನ್ ಬರದೇನಿ?"

ತಂಗಿ ಓದಿದಳು. "ಈ ಹೆಂಗಸು ಒಂದು ದಿನ ಇರದಿದ್ದರೆ ಸಾಕಿತ್ತು."

ನಾನು ಚೌಕಟ್ಟು ಬಿಟ್ಟು ಹೊಸ್ತಿಲ ಮೇಲೆ ಕೂತೆ. ಆಮೇಲೆ ತಂಗಿಯೇ ಅಂದಳು, "ಬರೇ ಫೋಟೋ ಕಳಸ್ತೇನಿ ತಗೊ."

೬. ಹನ್ನೊಂದನೇ ದಿನ

ಫ್ಲೆಕ್ಸ್ ಅಂಗಡಿಯವ ಫೋಟೋ ನೋಡಿ ತಲೆ ಹಿಡಿದುಕೊಂಡ. ಬಾಯಿ ಗುಹೆಯಂತೆ ತೆರೆದಿತ್ತು. ಕೂದಲು ಬಿಚ್ಚಿ ಗಾಳಿಗೆ ಎದ್ದಿತ್ತು. ಬಲಗೈ ಆಕಾಶಕ್ಕೆ, ಎಡಗೈಯಲ್ಲಿ ಚಪ್ಪಲಿ. ಕಣ್ಣು ಸೀದಾ ನೋಡುವವರ ಮೇಲೆ. "ಬಾಯಿ ಮುಚ್ಚಿಸಿ ಕೊಡತೇನ್ರಿ ಅಕ್ಕಾರ. ಚಪ್ಲಿ ತಗದು ಹೂವು ಹಿಡಸ್ತೇನಿ. ಬಾತು ಎಲ್ಲಾ ಅಳಸಿ ಹಿಂದ ಗುಡಿ ಹಾಕಿದ್ರ ಶೋ ಬರತೈತಿ."

ಕಾಕಾ ಫೋಟೋ ನೋಡುತ್ತಿದ್ದ. ಇಷ್ಟು ದಿನ ಹುಡುಕಿದ ಮುಖ. ಆತನ ಕೆನ್ನೆ ತೊಯ್ದಿತ್ತು, ಒರೆಸಿಕೊಳ್ಳಲಿಲ್ಲ.

"ಏನೂ ಮುಟ್ಟಬ್ಯಾಡ" ಅಂದ. "ಬಾತೂ ಇರ್ಲಿ, ಒಂದೆರಡು."

"ಸತ್ತಾಕಿ ಫೋಟೋದಾಗ ಬಾತು ಯಾಕೋ ಕಾಕಾ?"

"ಬಾತು ಇಲ್ಲಂದ್ರ ಬಂದ ಮಂದಿ ಈಕಿ ನನಗ ಬೈಯಾಕತ್ಯಾಳ ಅಂತ ತಿಳಕೊಂತಾರ."

ಕಾರ್ಯದ ದಿನ ಪಾರ್ಕಿನ ಗೇಟಿಗೆ ಅದರದೇ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿ, ಮನೆಯ ಪಡಸಾಲೆಯಲ್ಲಿ ಫೋಟೋ ಇಟ್ಟರು. ಗಂಧ, ವಿಭೂತಿ, ಸೇವಂತಿಗೆ ಮಾಲೆ, ಮುಂದೆ ಎಡೆಗೆ ಒಂದು ತಾಟು ಚುರುಮುರಿ. ಖಾರ ಜಾಸ್ತಿ. ಸಿಂದಗಿಯಿಂದ, ಆಲಮೇಲದಿಂದ ಬಂಧುಗಳು ಬಂದಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ಬಾಗಿಲು ದಾಟಿದವರು ಫೋಟೋ ಎದುರು ಬಂದ ಕೂಡಲೇ ತಮಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಬದಿಗೆ ಸರಿಯುತ್ತಿದ್ದರು. ಚಪ್ಪಲಿಯ ದಾರಿಯಿಂದ. ಒಬ್ಬರಾದ ಮೇಲೆ ಒಬ್ಬರು, ಎಲ್ಲರೂ ಅದೇ ಜಾಗದಲ್ಲಿ, ಅದೇ ಕಡೆಗೆ. ಗೋಡೆಗೆ ಒರಗಿ ಕುಳಿತಿದ್ದ ನಾವು ನಾಲ್ಕೈದು ಜನ ಅದನ್ನು ಲಕ್ಷ್ಯಕ್ಕೆ ತಂದುಕೊಂಡದ್ದೇ ತಪ್ಪಾಯಿತು. ಹೆಡ್‌ಕ್ಲಾರ್ಕರು ಬಂದರು. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ ತಲೆ ಬಾಗಿಸಿದರು. ಕಣ್ಣು ತೆರೆದು ಮುಖ ಮೇಲೆತ್ತಿದವರೇ ಟೊಪ್ಪಿಗೆ ಹಿಡಿದುಕೊಂಡು ಕೆಳಗೆ ಕೂತರು.

ಮೊದಲು ನಕ್ಕವನು ಕಾಕಾ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಸಿಂದಗಿಯ ಹೆಂಗಸೊಬ್ಬಳು ನಗುತ್ತ ನಗುತ್ತ ಮತ್ತೆ ಅಳತೊಡಗಿದಳು. "ಇದ ಖರೇ ಮುಖ ನೋಡ್ರಿ ನಮ್ಮಾಕೀದು" ಅಂದಳು.

ಹೆಡ್‌ಕ್ಲಾರ್ಕರು ಹೋಗುವಾಗ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು, "ನಂದು ನಾಕೂ ಫೋಟೋದಾಗ ಜೀವಾನ ಇಲ್ಲಲ್ರಿ. ಮತ್ತೊಂದು ತಗದ್ರ ಹೆಂಗ?"

ಕಾರ್ಯ ಮುಗಿದ ಮೇಲೆ, ಗೇಟಿಗೆ ಕಟ್ಟಿದ್ದ ದೊಡ್ಡ ಫ್ಲೆಕ್ಸನ್ನು ಕಾಕಾ ಬಿಚ್ಚಿ ತಂದು ಕಡಲೆ ಹೊಲದ ಅಂಚಿಗೆ ಕೆರೆಯ ಕಡೆ ಮುಖ ಮಾಡಿ ಎರಡು ಗೂಟಕ್ಕೆ ಕಟ್ಟಿದ. ಹಾಳಾಗಬಾರದು, ಆಕೆಗೆ ಕೆರೆ ಕಾಣಲಿ ಅಂತಷ್ಟೇ ಆತನ ಯೋಚನೆ. ಆ ದಿನದಿಂದ ಹಿಂಡು ವಾಪಸು ಹೋಗುವ ತನಕ ಒಂದೇ ಒಂದು ಹೆಬ್ಬಾತು ಆ ಹೊಲಕ್ಕೆ ಇಳಿಯಲಿಲ್ಲ. ನಾನು ಈಗ ಫೋಟೋ ತೆಗೆಯಬೇಕೆಂದರೆ ಆ ಕಡೆಯ ದಂಡೆಗೆ, ಒಂದು ತಾಸು ನಡೆದುಕೊಂಡು ಹೋಗಬೇಕು. ಹೋದ ತಿಂಗಳು ಶುಗರ್ ತೋರಿಸಿದೆ. ಡಾಕ್ಟರಿಗೆ ಬಹಳ ಸಂತೋಷವಾಯಿತು.

ಕಾಕಾ ದಿನಾ ಬೆಳಿಗ್ಗೆ ಗೇಟಿನ ಬೀಗ ತೆಗೆದು ಮೊದಲು ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ಏನು ಮಾತಾಡುತ್ತಾನೋ ಕೇಳಿಸಿಲ್ಲ. ಆದರೆ ಈ ಕಥೆ ಊರಲ್ಲಿ ಹೇಗೆ ಹೇಗೆ ಹಬ್ಬಿದೆ ಅನ್ನುವುದು ಆತನ ಕಿವಿಗೆ ಬಿದ್ದಿದೆ. ಮೊನ್ನೆ ನನ್ನನ್ನು ತಡೆದು ನಿಲ್ಲಿಸಿದ.

"ಅಕ್ಕಾರ, ನೀವು ಕಲತವರು, ಎಲ್ಲಾ ಕಡೆ ಹೇಳ್ತೀರಿ, ಹೇಳ್ರಿ. ಕೇಳಿದವರಿಗೂ ಮುಂದ ಹೇಳ್ರಿ ಅಂತ ಹೇಳ್ರಿ. ಆದ್ರ ಮಂದಿ ಬಲಗೈಯಾಗ ಚಪ್ಲಿ ಇತ್ತು ಅಂತ ಹೇಳಾಕತ್ತಾರ. ಅದು ಸುಳ್ಳ. ಚುರುಮುರಿ ಕಲಸೂ ಕೈರೀ ಅದು. ಆಕಿ ಆ ಕೈಲೆ ಎಂದೂ ಚಪ್ಲಿ ಮುಟ್ಟಿದಾಕಿ ಅಲ್ಲ. ನನಗ ಹೊಡ್ಯಾಕ ಬಂದಾಗೂ ಎಡಗೈಲೇನ ಬರ್ತಿದ್ಲು."

ಹಾಗಾಗಿ ನೀವೂ ಯಾರಿಗಾದರೂ ಇದನ್ನು ಹೇಳಿ. ಹೇಳುವಾಗ ಅದೊಂದನ್ನು ನೆನಪಿಡಿ: ಎಡಗೈ.